ನೀಲಿ ದಾರ ಕಟ್ಟಿದ ಪಾತ್ರೆ

ಜುಲೈ ೨೭, ಸಂಜೆ

ತಲುಪಿದೆ. ಎರಡು ವಿಮಾನ, ಒಂದು ಬಸ್ಸು, ಇಪ್ಪತ್ತಾರು ಗಂಟೆ. ನಮಗೆ ಮಲಗಲು ಕೊಟ್ಟಿರುವುದು ಒಂದು ಶಾಲೆಯ ತರಗತಿ. ಬೆಂಚುಗಳನ್ನು ಗೋಡೆಗೊತ್ತಿ ಎರಡು ಮಡಚುವ ಮಂಚ ಹಾಕಿದ್ದಾರೆ. ಕರಿಹಲಗೆಯ ಮೇಲೆ ಯಾವುದೋ ಮಗು ಬರೆದ ಭಾಗಾಕಾರ ಅಳಿಸದೆ ಉಳಿದಿತ್ತು. ಉತ್ತರ ತಪ್ಪು. ಸೀಮೆಸುಣ್ಣ ಹುಡುಕಿ ತಿದ್ದಿದೆ.

ಕೋಣೆಯ ಜೊತೆಗಾರರು ನನ್ನಂತೆಯೇ ಪಾದ್ರಿ, ಬೇರೊಂದು ದೇಶದ ಗುರುಗಳು, ಬಾಗಿಲು ತುಂಬುವ ಆಳು. ಬಂದವರೇ ನನ್ನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ ಗೊತ್ತಾಗಿ ಗಹಗಹಿಸಿ ನಕ್ಕರು. ಆ ಟವೆಲ್ಲು ಇನ್ನು ಅವರದೇ. ಕೈ ತೊಳೆಯುವ ದ್ರವ ಮೂರು ಬಾಟಲಿ ತಂದದ್ದು ಒಳ್ಳೆಯದಾಯಿತು.

ನಮ್ಮ ಧರ್ಮಾಧ್ಯಕ್ಷರು ನನ್ನನ್ನು ಇಲ್ಲಿಗೆ ಯಾಕೆ ಕಳಿಸಿದರೆಂದು ನನಗೆ ಗೊತ್ತಿಲ್ಲವೆ? ನನ್ನ ಚರ್ಚಿನ ನಲವತ್ತು ಜನ ಸಹಿ ಹಾಕಿದ ದೂರು ಅವರ ಮೇಜಿನ ಮೇಲಿತ್ತು. ಪೂಜೆಯ ನಡುವೆ ಗಾಯಕರನ್ನು ನಿಲ್ಲಿಸಿ ಹಾಡು ಬದಲಿಸಿದೆನಂತೆ. ಮದುವೆಯಲ್ಲಿ ಫೋಟೋ ತೆಗೆಯುವವನನ್ನು ಹೊರಗೆ ಕಳಿಸಿದೆನಂತೆ. ಅಂತೆ ಏನು ಬಂತು, ಮಾಡಿದ್ದೇನೆ. ಬೆನ್ನ ಹಿಂದೆ ನನ್ನನ್ನು 'ಅಳತೆಕೋಲು ಫಾದರ್' ಎನ್ನುತ್ತಾರೆ. ಪಾದ್ರಿಗಳಾಗುವವರ ಗುರುಮಠದಲ್ಲಿ ಹನ್ನೊಂದು ವರ್ಷ ಪೂಜಾಕ್ರಮದ ಪಾಠ ಹೇಳಿದವನು ಅಳೆಯದೆ ಇನ್ನೇನು ಮಾಡಬೇಕು?

ಧರ್ಮಾಧ್ಯಕ್ಷರು ದೂರನ್ನು ಮಡಚಿಟ್ಟು ಹೇಳಿದ್ದಿಷ್ಟೆ: "ಮೊಸರಲ್ಲಿ ಕಲ್ಲು ಹುಡುಕೋದ್ರಲ್ಲಿ ನೀವು ಗಟ್ಟಿಗರು ಫಾದರ್. ಒಂದು ವಾರ ಸುಮ್ನೆ ಮೊಸರು ತಿಂದ್ಕೊಂಡು ಬನ್ನಿ."

ಜುಲೈ ೨೮

ಇಂದು ಪರಮಪ್ರಸಾದದ ವಿಶ್ವ ಸಮ್ಮೇಳನದ ಉದ್ಘಾಟನೆ. ಊರ ಹೊರಗಿನ ಬಯಲು; ಮೊದಲು ಸಣ್ಣ ವಿಮಾನಗಳು ಇಳಿಯುತ್ತಿದ್ದ ಜಾಗವಂತೆ. ನೂರೆಂಟು ದೇಶದ ಜನ. ಐದು ಲಕ್ಷ ಎಂದು ಒಬ್ಬರು, ಎಂಟು ಲಕ್ಷ ಎಂದು ಇನ್ನೊಬ್ಬರು. ವೇದಿಕೆಯಿಂದ ಬಯಲಿನ ಕೊನೆ ಕಾಣುವುದೇ ಇಲ್ಲ.

ನಾನು ಗುರುತು ಹಾಕಿಕೊಂಡ ತಪ್ಪುಗಳು ಇಂದು ಹದಿನಾಲ್ಕು. ಓದಿದವರು ಓಡಿದರು. ಹಾಡಿದವರು ಎಳೆದರು. ನನ್ನ ಮುಂದಿನ ಸಾಲಿನ ಗುರುಗಳೊಬ್ಬರು ಕೊರಳ ಪಟ್ಟಿಯನ್ನು ತಿರುವುಮುರುವು ಹಾಕಿಕೊಂಡು ಇಡೀ ಪೂಜೆ ಕಳೆದರು. ಎರಡು ಸಲ ಬೆನ್ನು ತಟ್ಟಿ ಹೇಳಬೇಕೆನಿಸಿ ತಡೆದುಕೊಂಡೆ. ಮೊಸರು, ಮೊಸರು.

ಒಂದು ಮಾತ್ರ ಬರೆಯಲೇಬೇಕು. ಪ್ರವಚನದ ನಂತರ ಐದು ನಿಮಿಷ ಮೌನ ಎಂದು ಘೋಷಿಸಿದರು. ಇಷ್ಟು ಜನ ಸುಮ್ಮನಿರುವುದುಂಟೆ ಎಂದು ನಾನು ಗಡಿಯಾರ ನೋಡುತ್ತಾ ಕೂತೆ. ಮೊದಲು ಕೂಸುಗಳ ಅಳು, ಕೆಮ್ಮು, ಚೀಲದ ಸರಬರ. ಆಮೇಲೆ ಒಂದೊಂದೇ ನಿಂತುಹೋಯಿತು. ದೂರದ ಕಂಬದಲ್ಲಿ ಬಾವುಟದ ಹಗ್ಗ ಬಡಿಯುವ ಸದ್ದು ಕೇಳಿಸಿತು. ಅಷ್ಟೂ ಜನರ ಮೌನಕ್ಕೆ ಒಂದು ಭಾರವಿತ್ತು. ಅದು ನನ್ನ ಹೆಗಲ ಮೇಲೆ ಬಂದು ಕೂತಂತಾಗಿ ಉಸಿರು ಬಿಗಿಹಿಡಿದೆ. ಐದು ನಿಮಿಷಕ್ಕೆ ನಿಲ್ಲಿಸಬೇಕಿತ್ತು, ಎಂಟು ನಿಮಿಷ ಬಿಟ್ಟರು. ಅದನ್ನು ಹದಿನೈದನೆಯ ತಪ್ಪೆಂದು ಬರೆದುಕೊಳ್ಳಲು ಮರೆತೆ.

ಹೊರಡುವಾಗ ಯಾರೋ ಹಿಂದಿನಿಂದ, "ಏನ್ ಫಾದರ್, ಊಟ ಆಯ್ತಾ?" ಎಂದರು. ಅಚ್ಚ ಕನ್ನಡ! ಎದೆಯ ಬಿಲ್ಲೆಯ ಮೇಲೆ ನನಗೆ ಬರುವ ಭಾಷೆಗಳನ್ನು ಬರೆದಿದ್ದಾರೆ, ಅದನ್ನು ಓದಿದ್ದರು. ನಮ್ಮ ಕಡೆಯ ಸಿಸ್ಟರ್. ಇಪ್ಪತ್ತು ವರ್ಷದಿಂದ ಈ ಊರಿನ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ರೋಗಿಗಳಿಗೆಂದು ಹಾಕಿರುವ ದೊಡ್ಡ ಚಪ್ಪರ ಅವರ ಉಸ್ತುವಾರಿಯಲ್ಲಿದೆ.

"ಕನ್ನಡದಲ್ಲಿ ಜಗಳ ಆಡಿ ಎಷ್ಟು ದಿನ ಆಯ್ತೋ! ನಾಳೆ ಬನ್ನಿ, ಆಡೋಣ," ಎಂದು ನಗುತ್ತಾ ಹೋದರು.

ಜುಲೈ ೩೦

ಗಂಟಲು ಕೆಟ್ಟಿದೆ. ಸ್ನಾನದ ಸಾಲಿನಲ್ಲಿ ಐವತ್ತು ನಿಮಿಷ. ಜೊತೆಗಾರರ ಗೊರಕೆಗೆ ಕಿಟಕಿಯ ಗಾಜು ಅದುರುತ್ತದೆ.

ನಾಳೆ ಮಹಾಪೂಜೆ. ಪರಮಪ್ರಸಾದ ಹಂಚುವ ಗುರುಗಳಿಗೆ ಇಂದು ತರಬೇತಿ. ನಾವು ಎಂಟುನೂರು ಜನ. ಕ್ರಮ ಹೀಗೆ: ಗೋಧಿಯ ತೆಳು ಬಿಳಿ ಬಿಲ್ಲೆಗಳಿರುವ ಮುಚ್ಚಳದ ಪಾತ್ರೆಯನ್ನು ಒಬ್ಬೊಬ್ಬರಿಗೂ ಮೊದಲೇ ಕೊಡುತ್ತಾರೆ. ವೇದಿಕೆಯ ಮೇಲೆ ಪ್ರಧಾನ ಗುರುಗಳು ಕೊನೆಯ ಭೋಜನದ ಮಾತುಗಳನ್ನು ಹೇಳುವಾಗ ನಾವು ಕೆಳಗೆ ಮುಚ್ಚಳ ತೆರೆದು ಹಿಡಿದಿರಬೇಕು. ಆ ಮಾತುಗಳಿಂದ ಅದು ರೊಟ್ಟಿಯಾಗಿ ಉಳಿಯದೆ ಪ್ರಭುವಿನ ಶರೀರವಾಗುತ್ತದೆ. ಆಮೇಲೆ ನಮ್ಮ ನಮ್ಮ ಭಾಗದ ಜನರ ಬಳಿಗೆ ಹೋಗಿ ಹಂಚಬೇಕು.

ಪಾತ್ರೆಗಳ ಡೇರೆಯ ಮೇಲ್ವಿಚಾರಣೆ ಎಂಬತ್ತು ದಾಟಿದ ಹಿರಿಯ ಗುರುಗಳದ್ದು. ಒಂದೊಂದು ನಿಯಮವನ್ನೂ ಊರುಗೋಲಿನಿಂದ ನೆಲ ಕುಟ್ಟಿ ಕುಟ್ಟಿ ಹೇಳಿದರು. ಇವರೊಬ್ಬರು ನನ್ನ ಜಾತಿಯವರು ಎನ್ನಿಸಿ ಸಮಾಧಾನವಾಯಿತು.

ನನಗೆ ಸಿಕ್ಕಿರುವುದು ರೋಗಿಗಳ ಚಪ್ಪರ. ಸಿಸ್ಟರೇ ಕೇಳಿ ಹಾಕಿಸಿಕೊಂಡರಂತೆ.

ಜುಲೈ ೩೧, ಮಧ್ಯಾಹ್ನ

ಕೈ ಇನ್ನೂ ಬೆಚ್ಚಗಿದೆ. ಎಲ್ಲಿಂದ ಶುರು ಮಾಡಲಿ?

ಬೆಳಕು ಹರಿಯುವ ಮೊದಲೇ ಬಯಲು ತುಂಬಿತ್ತು. ಮಂಜು ಮೇಲೇಳುತ್ತಿದ್ದ ಹಾಗೆ ತಲೆಗಳು, ತಲೆಗಳು, ಅವುಗಳಾಚೆ ಬಾವುಟಗಳು, ಅವುಗಳಾಚೆ ಮತ್ತೆ ತಲೆಗಳು. ನನಗೆ ಐವತ್ತೆರಡು. ಇಷ್ಟು ವರ್ಷ 'ಸಕಲ ಜನಾಂಗಗಳೂ' ಎಂದು ಪುಸ್ತಕ ನೋಡಿ ಓದುತ್ತಾ ಬಂದಿದ್ದೆ. ಆ ಮಾತಿಗೆ ಇಷ್ಟೊಂದು ಮುಖಗಳಿವೆಯೆಂದು ನನಗೆ ಗೊತ್ತಿರಲಿಲ್ಲ.

ಆ ಮಾತುಗಳ ಹೊತ್ತಿಗೆ ಎಂಟುನೂರು ಮುಚ್ಚಳಗಳು ಒಟ್ಟಿಗೆ ತೆರೆದವು. ಆ ಸಣ್ಣ ಸದ್ದಿಗೆ ಮೈ ಜುಮ್ಮೆಂದಿತು. ಆದರೆ ಹಾಳಾದ್ದು, ನನ್ನ ಪಾತ್ರೆಯೊಳಗೇ ಒಂದು ನೊಣ ಬಿತ್ತು. ಎಲ್ಲ ಬಿಟ್ಟು ನನ್ನದರಲ್ಲೇ! ರೋಗಿಗಳಿಗೆ ಕೊಡುವುದು, ನೊಣ ಮುಟ್ಟಿದ್ದನ್ನು ಹೇಗೆ ಕೊಡಲಿ? ಎದ್ದು ಡೇರೆಗೆ ಹೋಗಿ, ನನ್ನದನ್ನು ಪ್ರಸಾದದ ಮೇಜಿನ ಮೇಲೆ ಭದ್ರವಾಗಿಟ್ಟು, ಕಡಿಮೆ ಬಿದ್ದರೆ ಇರಲೆಂದು ಪಕ್ಕದ ಮೇಜಿನ ಮೇಲಿಟ್ಟಿದ್ದವುಗಳಿಂದ ತುಂಬಿದ, ಹೊಳೆಯುವ ಇನ್ನೊಂದನ್ನು ತೆಗೆದುಕೊಂಡೆ. ಪಾತ್ರೆಯ ಕಾಲಿಗೆ ನೀಲಿ ದಾರದ ಅಲಂಕಾರ ಬೇರೆ ಇತ್ತು.

ಸಿಸ್ಟರ್ ಪ್ರಸಾದದ ಗುರುತಿನ ಹಳದಿ ಕೊಡೆ ಹಿಡಿದು ಮುಂದೆ, ನಾನು ಹಿಂದೆ. ಚಪ್ಪರದಲ್ಲಿ ಗಾಲಿಕುರ್ಚಿಗಳು, ಮಂಚಗಳು. ಸುಮಾರು ನೂರೆಂಬತ್ತು ಜನ. ಈ ನಾಡಿನ ಭಾಷೆಯಲ್ಲಿ 'ಕ್ರಿಸ್ತರ ಶರೀರ' ಎನ್ನುವುದನ್ನು ಕಲಿತಿದ್ದೆ. ಒಬ್ಬೊಬ್ಬರ ಮುಂದೆ ಅಂದೆ. ಒಬ್ಬೊಬ್ಬರೂ 'ಆಮೆನ್' ಅಂದರು. ಬಾಯಿ ಬಾರದವರು ಕಣ್ಣು ಮುಚ್ಚಿ ತೆರೆದರು. ಬೆರಳಿಲ್ಲದ ಕೈಗಳು, ಮೊಣಕೈಗೇ ಮುಗಿದ ಕೈಗಳು ಮೇಲೆದ್ದವು. ಕೈಗಳನ್ನು ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಊರಲ್ಲಿ ಸಾಲು ಬೇಗ ಸರಿಯಲಿ ಎಂದಷ್ಟೆ ನೋಡುತ್ತಿದ್ದೆ.

ಕೊನೆಯ ಸಾಲಿನಲ್ಲಿ ಒಬ್ಬ ಮುದುಕ ದರ್ಜಿ, ಗಾಲಿಕುರ್ಚಿಯಲ್ಲಿ ಅವರ ಹೆಂಡತಿ. ಆಕೆಯ ಎದೆಗೆ ಕೋಟಿನ ಒಳಬಟ್ಟೆಯಿಂದ ಹೊಲಿದ ಅಂದವಾದ ಜೊಲ್ಲುಬಟ್ಟೆ.

"ಇವರಿಗೆ ಎಲ್ಲಾ ಮರೆತು ಹೋಗಿದೆ ಫಾದರ್," ಎಂದರು ಸಿಸ್ಟರ್. "ನುಂಗೋದೂ ಮರೆತಿದ್ದಾರೆ. ಹದಿನೈದು ದಿನದಿಂದ ಬಾಯೇ ಬಿಟ್ಟಿಲ್ಲ, ಡ್ರಿಪ್ಪಲ್ಲೇ ಇದ್ದಾರೆ. ಹಣೆ ಮುಟ್ಟಿ ಆಶೀರ್ವಾದ ಮಾಡಿ ಸಾಕು."

ಹಣೆ ಮುಟ್ಟಲು ಬಗ್ಗಿದೆ. ಆಕೆ ನನ್ನ ಬೆರಳುಗಳನ್ನೇ ನೋಡಿದರು. ಬಾಯಿ ತೆರೆದರು! ಸಿಸ್ಟರ್ ಗಡಬಡಿಸಿ, "ಚೂರೇ ಚೂರು, ಚೂರೇ ಚೂರು," ಎಂದರು. ಅಕ್ಕಿಕಾಳಿನಷ್ಟು ಮುರಿದು ನಾಲಿಗೆಯ ಮೇಲಿಟ್ಟೆ. ಆಕೆ ನುಂಗಿದರು. ದರ್ಜಿ ಹೋ ಎಂದು ಅತ್ತು ನನ್ನ ತೋಳು ಹಿಡಿದುಕೊಂಡರು. ಪಕ್ಕದ ಮಂಚದವರೂ ಅತ್ತರು. ಸಿಸ್ಟರ್ ಕೊಡೆಯನ್ನು ನೆಲಕ್ಕೆ ಹಾಕಿ ಕೈ ಜೋಡಿಸಿ ನಿಂತರು.

ಗುರುಪಟ್ಟವಾಗಿ ಇಪ್ಪತ್ತನಾಲ್ಕು ವರ್ಷ. ಈ ಪಾತ್ರೆಯಲ್ಲಿ ಏನಿದೆಯೆಂದು ಪಾಠ ಹೇಳಿದವನು ನಾನು. ಇಂದು ಮೊದಲ ಸಲ ಕಣ್ಣಾರೆ ಕಂಡೆ. ದೇವರೇ.

ಅದೇ ದಿನ, ಸಂಜೆ

ಮೇಲೆ ಬರೆದದ್ದನ್ನು ಹರಿದು ಹಾಕೋಣವೆನಿಸುತ್ತಿದೆ.

ಪಾತ್ರೆ ಹಿಂದಿರುಗಿಸಲು ಹೋದೆ. ಡೇರೆಯಲ್ಲಿ ಹಿರಿಯ ಗುರುಗಳು ಊರುಗೋಲು ಕುಟ್ಟುತ್ತಿದ್ದರು. ಪಾತ್ರೆ ತುಂಬಿಸುವ ನಾಲ್ವರು ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ನಾಳೆಯ ಪೂಜೆಗೆಂದು ಬರಿಯ ರೊಟ್ಟಿ ತುಂಬಿಸಿ, ಗುರುತಿಗೆ ನೀಲಿ ದಾರ ಕಟ್ಟಿಟ್ಟಿದ್ದ ಪಾತ್ರೆಗಳಲ್ಲಿ ಒಂದು ಕಡಿಮೆಯಾಗಿದೆಯಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಪಾತ್ರೆಯ ಕಾಲನ್ನು ಮುಚ್ಚಿತು.

ಬರಿಯ ರೊಟ್ಟಿ. ಯಾವ ಮಾತನ್ನೂ ಕೇಳಿಸಿಕೊಳ್ಳದ ರೊಟ್ಟಿ. ನೂರೆಂಬತ್ತು ಜನರಿಗೆ 'ಕ್ರಿಸ್ತರ ಶರೀರ' ಎಂದು ಸುಳ್ಳು ಹೇಳಿ ಬಂದಿದ್ದೇನೆ. ಆ ಕೈಗಳಿಗೆ. ಆ ಬಾಯಿಗೆ.

ಹಿರಿಯರು ಹೆಂಗಸರನ್ನು ಬೈಯುತ್ತಲೇ ಇದ್ದರು. ನಾನು ಪಾತ್ರೆಯನ್ನು ಕೊನೆಯ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬಾಯಿ ಬಿಡಲಿಲ್ಲ.

ಆಗಸ್ಟ್ ೧, ಬೆಳಿಗ್ಗೆ

ನಿದ್ದೆ ಬರಲಿಲ್ಲ. ಜೊತೆಗಾರರು ಎದ್ದವರೇ ನನ್ನ ಮುಖ ನೋಡಿ, ಏನೂ ಕೇಳದೆ, ಮಂಚದ ತುದಿಯಲ್ಲಿ ಕೂತು, ತಾವು ಕುಡಿಯುತ್ತಿದ್ದ ಕಾಫಿಯ ಲೋಟವನ್ನು ನನ್ನ ಕೈಗಿಟ್ಟರು. ಅರ್ಧ ಕುಡಿದು ವಾಪಸು ಕೊಟ್ಟೆ. ಈಗ ಡೇರೆಗೆ ಹೋಗುತ್ತೇನೆ.

ಆಗಸ್ಟ್ ೧, ಸಂಜೆ

ಹೇಳಿದೆ. ಹಿರಿಯರು ಊರುಗೋಲು ಎತ್ತಿದರು; ನನಗೇ ಬಿತ್ತೆಂದುಕೊಂಡೆ. ಅದರಿಂದ ಒಂದು ಕುರ್ಚಿಯನ್ನು ನನ್ನತ್ತ ಎಳೆದರು.

ನಮ್ಮಿಬ್ಬರಿಗೂ ಅಷ್ಟಿಷ್ಟು ಬರುವ ಭಾಷೆಯಲ್ಲಿ ಕೇಳಿದರು: "ನಿಮ್ಮ ನೊಣದ ಪಾತ್ರೆ ಇಲ್ಲೇ ಸಿಕ್ತು. ನೊಣ ತೆಗೆದು ಹಾಕೋಕೆ ಎಷ್ಟು ಹೊತ್ತು ಬೇಕಿತ್ತು?"

"ಒಂದು ಕ್ಷಣ."

"ಹೂಂ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಇವತ್ತು ಚಪ್ಪರದಲ್ಲೇ ಪೂಜೆ ಇದೆ. ಅವರಿಗೆ ನೀವೇ ಕೊಡಿ. ಆ ಹೆಂಗಸರಿಗೆ ನಾನು ಹೇಳ್ತೀನಿ, ಬೈದವನು ನಾನು," ಎಂದರು.

ಇಬ್ಬರೂ ಹೋಗಿ ಕ್ಷಮೆ ಕೇಳಿದೆವು. ಅವರಲ್ಲೊಬ್ಬಾಕೆ ನಕ್ಕು, ನಮ್ಮಿಬ್ಬರ ಕೈಗೂ ಒರೆಸುವ ಬಟ್ಟೆ ಕೊಟ್ಟು, ಒಂದು ರಾಶಿ ಪಾತ್ರೆ ತೋರಿಸಿದರು. ಒಂದು ಗಂಟೆ ಒರೆಸಿದೆವು.

ಚಪ್ಪರದಲ್ಲಿ ಪೂಜೆಯ ಮೊದಲು ಮೈಕಿನ ಮುಂದೆ ನಿಂತೆ. ಕನ್ನಡದಲ್ಲೇ ಹೇಳಿದೆ: ನಿನ್ನೆ ನಿಮಗೆ ಕೊಟ್ಟದ್ದು ಬರಿಯ ರೊಟ್ಟಿ, ತಪ್ಪು ನನ್ನದು, ನನ್ನೊಬ್ಬನದೇ. ಸಿಸ್ಟರ್ ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ಅವರ ಭಾಷೆಗೆ ತಿರುಗಿಸಿದರು. ಮುಂದಿನ ಸಾಲಿನಲ್ಲಿ ಮೊಣಕೈಗೇ ಮುಗಿದ ಕೈಯ ಆ ಮನುಷ್ಯ ಎರಡೂ ತೋಳುಗಳನ್ನು ಮೇಲೆತ್ತಿ ಹಿಡಿದರು. ಪಕ್ಕದವರು ಎತ್ತಿದರು. ಹಾಗೇ ಕೊನೆಯ ಮಂಚದವರೆಗೆ. ಪೂಜೆ ಇನ್ನೂ ಶುರುವೇ ಆಗಿಲ್ಲ, ಪ್ರಸಾದಕ್ಕೆ ಅರ್ಧ ಗಂಟೆಯಿದೆ. ಕೈಗಳು ಮಾತ್ರ ಆಗಲೇ ಸಿದ್ಧವಾಗಿದ್ದವು. ನಾನು ಮೈಕು ಹಿಡಿದೇ ಅತ್ತೆ. ಇಷ್ಟು ಜನರ ಮುಂದೆ ಅಳುವುದು ಯಾವ ಕ್ರಮದಲ್ಲೂ ಇಲ್ಲ.

ಎಲ್ಲರಿಗೂ ಕೊಟ್ಟೆ. ಕೊನೆಯ ಸಾಲಿನಲ್ಲಿ ದರ್ಜಿಯ ಜಾಗ ಖಾಲಿಯಿತ್ತು.

"ಆ ಅಮ್ಮಂಗೆ ಜ್ವರ. ಆಸ್ಪತ್ರೆಗೆ ಸೇರಿಸಿದೀವಿ," ಎಂದರು ಸಿಸ್ಟರ್. "ಜಾಸ್ತಿ ದಿನ ಇಲ್ಲ ಫಾದರ್. ನಿನ್ನೆಯಿಂದ ಮತ್ತೆ ಬಾಯಿ ಬಿಟ್ಟಿಲ್ಲ."

"ನಾಳೆ ಹೋಗೋಣ."

"ಹೋಗೋಣ. ಪ್ರಸಾದ ಕೊಟ್ಟು ಬನ್ನಿ. ಆದರೆ ನಿನ್ನೇದು ಹೇಳ್ಬೇಡಿ. ಅವರ ಯಜಮಾನ್ರು ಮಕ್ಕಳು ಮೊಮ್ಮಕ್ಕಳಿಗೆಲ್ಲಾ ಫೋನ್ ಮಾಡಿ ಪವಾಡ ಆಯ್ತು ಅಂತ ಸಾರಿದ್ದಾರೆ. ಆಸ್ಪತ್ರೆಲಿ ಕಸ ಗುಡಿಸೋರಿಗೂ ಗೊತ್ತು. ನಲವತ್ತೆಂಟು ವರ್ಷ ಸಂಸಾರ ಮಾಡಿದೋರು, ಅವರ ಕೈಲಿ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಳ್ತೀರಾ?"

"ಸುಳ್ಳು ಸಿಸ್ಟರ್ ಅದು."

"ಆಯಮ್ಮ ನುಂಗಿದ್ದು ಸುಳ್ಳಾ?"

ಜಗಳವಾಡಲು ಕರೆದಿದ್ದರಲ್ಲ, ಆಯಿತು. ಹೇಳದಿದ್ದರೆ ನನ್ನ ತಪ್ಪನ್ನು ಅವರ ಸಂತೋಷದೊಳಗೆ ಬಚ್ಚಿಟ್ಟಂತೆ. ಹೇಳಿದರೆ ನನ್ನ ಭಾರ ಇಳಿಸಿಕೊಳ್ಳಲು ಅವರ ತಲೆಯ ಮೇಲೆ ಹೊರಿಸಿದಂತೆ. ಯಾವ ಪುಸ್ತಕ ತೆರೆದು ನೋಡಲಿ?

ಆಗಸ್ಟ್ ೨

ಆಸ್ಪತ್ರೆಯ ಮೂರನೆಯ ಮಹಡಿ. ಒಂದೇ ಕಿಟಕಿಯ ಕೋಣೆ. ಕಬ್ಬಿಣದ ಮಂಚ, ಔಷಧದ ಮೇಜು, ಡ್ರಿಪ್ಪಿನ ಕಂಬ. ದರ್ಜಿ ನನ್ನನ್ನು ಕಂಡು ದಡಬಡ ಎದ್ದು ಕುರ್ಚಿ ಒರೆಸಿದರು. ನನ್ನ ನಿಲುವಂಗಿಯ ತೋಳನ್ನು ಹಿಡಿದು ನೋಡಿ ಏನೋ ಗೊಣಗಿದರು.

"ಈ ತೋಳು ಕೂರಿಸಿದೋನು ಕುರುಡನಾ ಅಂತಿದ್ದಾರೆ," ಎಂದು ಸಿಸ್ಟರ್ ನಕ್ಕರು. ನನಗೂ ನಗು ಬಂತು. ನಗುತ್ತಿದ್ದವರ ಮುಂದೆ ಬಾಯಿ ತೆರೆಯುವುದು ಎಷ್ಟು ಕಷ್ಟ.

ಹೇಳಿದೆ. ಸಿಸ್ಟರ್ ಕಿಟಕಿಯ ಕಡೆ ನೋಡುತ್ತಾ, ಒಂದೊಂದೇ ಮಾತನ್ನು ಇಳಿದನಿಯಲ್ಲಿ ಅವರ ಭಾಷೆಗೆ ತಿರುಗಿಸಿದರು.

ದರ್ಜಿಯ ಮುಖ ಕಂದಿತು. ನಮ್ಮತ್ತ ಬೆನ್ನು ಮಾಡಿ, ಹೆಂಡತಿಯ ಹೊದಿಕೆಯ ಅಂಚನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಆಮೇಲೆ ಕೇಳಿದರು: "ನಾನು ಎಲ್ಲರಿಗೂ ಹೇಳ್ಬಿಟ್ಟಿದೀನಿ. ಈಗ ಏನಂತ ಹೇಳ್ಲಿ? ನೀವು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಯಾಕೆ ಬಂದ್ರಿ?"

"ಈ ಅಮ್ಮನಿಗೆ ಸೇರಬೇಕಾದ್ದು ಸೇರಿಲ್ಲ," ಎಂದೆ. "ತಂದಿದ್ದೀನಿ. ಹೇಳದೆ ಕೊಟ್ಟರೆ ಮತ್ತೊಂದು ಸಲ ಮೋಸ ಮಾಡಿದ ಹಾಗೆ ಅನ್ನಿಸ್ತು. ನಿಮಗೆ ನೋವು ಮಾಡಿದೆ. ತಪ್ಪಾಯ್ತು."

ಹೊರಗೆ ತಳ್ಳುಗಾಡಿಯೊಂದು ಹೋಗಿ, ತಿರುಗಿ ಬಂತು.

"ಒಂದ್ಸಲ ಒಬ್ಬರ ಮದುವೆ ಕೋಟು ಇನ್ನೊಬ್ಬರಿಗೆ ಕೊಟ್ಟು ಕಳಿಸಿದ್ದೆ," ಎಂದರು ದರ್ಜಿ ಕೊನೆಗೆ. "ಗೊತ್ತಾದಾಗ ಅಂಗಡಿ ಬಾಗಿಲು ಹಾಕಿ, ಮನೆ ಮನೆ ಹುಡುಕ್ಕೊಂಡು ಹೋದೆ. ಅವನು ಬಾಯಿಗೆ ಬಂದ ಹಾಗೆ ಬೈದ. ಬೈಸ್ಕೊಂಡು, ಸರಿಯಾದ ಕೋಟು ಕೊಟ್ಟು ಬಂದೆ." ಕಣ್ಣೊರೆಸಿಕೊಂಡು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. "ಕೊಡಿ."

ಹುಡಿಯಷ್ಟು ಮುರಿದು ಒದ್ದೆ ಚಮಚದಲ್ಲಿಟ್ಟು ತುಟಿಗೆ ತಾಗಿಸಿದೆ. ಬಾಯಿ ಬಿಗಿಯಾಗಿತ್ತು. ದರ್ಜಿ ಆಕೆಯ ಕಿವಿಯಲ್ಲಿ ಏನೋ ಹೇಳಿದರು, ಕೆನ್ನೆ ಸವರಿದರು. ಬಹಳ ಹೊತ್ತಾದ ಮೇಲೆ ತುಟಿ ಸ್ವಲ್ಪ ಸಡಿಲಿತು. ಒಳಗೆ ಹೋಯಿತು. ಆಕೆ ನಾಲಿಗೆಯಿಂದ ಅದನ್ನು ಹೊರಗೆ ನೂಕಿದರು. ಗದ್ದದ ಕೆಳಗೆ ನನ್ನ ಅಂಗೈ ಇತ್ತು, ಜೊಲ್ಲಿನೊಂದಿಗೆ ಅದರಲ್ಲಿ ಬಿತ್ತು.

ದರ್ಜಿ ಕಣ್ಣು ಮುಚ್ಚಿಕೊಂಡರು. ಸಿಸ್ಟರ್ ನೀರಿನ ಬಟ್ಟಲು ತಂದರು. ಕ್ರಮ ಅದೇ: ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಮಣ್ಣಿಗೆ ಹಾಕಬೇಕು. ನಾನು ಅಂಗೈಯನ್ನು ಬಾಯಿಗಿಟ್ಟುಕೊಂಡು ತಿಂದೆ.

ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ನುಂಗಿದೆ. ಆಕೆಯ ದವಡೆ ಒಂದಿಷ್ಟು ಅಲುಗಿತು. ನಾನು ಬರಿಬಾಯಿ ಆಡಿಸಿ ಮತ್ತೊಮ್ಮೆ ನುಂಗಿ ತೋರಿಸಿದೆ. ಆಕೆ ಬಾಯಿ ತೆರೆದರು.

ಇನ್ನೊಂದು ಚೂರು ಇಟ್ಟೆ. 'ಕ್ರಿಸ್ತರ ಶರೀರ' ಎಂದು ಕನ್ನಡದಲ್ಲೇ ಬಂತು. ದರ್ಜಿ ಹೆಂಡತಿಯ ಗಂಟಲ ಮೇಲೆ ಎರಡು ಬೆರಳಿಟ್ಟರು. ನುಂಗಿದ್ದು ಗೊತ್ತಾಗಲು ಹಾಗೆ ಹಿಡಿಯಬೇಕೆಂದು ಸಿಸ್ಟರ್ ಕಲಿಸಿದ್ದರಂತೆ. ಬೆರಳು ಅಲ್ಲೇ ಇತ್ತು. ಕಾದೆವು. ಎಂಟು ಲಕ್ಷ ಜನರ ಬಯಲಿನಲ್ಲಿ ಕಂಡದ್ದಕ್ಕಿಂತ ದೊಡ್ಡದೇನೋ ಆ ಸಣ್ಣ ಕೋಣೆಯೊಳಗೆ ಬಂದು ನಿಂತಿತ್ತು, ನನಗೆ ಹೆದರಿಕೆಯಾಯಿತು.

ದರ್ಜಿ ತಲೆಯೆತ್ತಿ ಒಂದೇ ಮಾತು ಹೇಳಿದರು. ಸಿಸ್ಟರಿಗೆ ಕನ್ನಡಕ್ಕೆ ತಿರುಗಿಸಲು ದನಿಯೇ ಬರಲಿಲ್ಲ.

"ಇಳೀತು, ಫಾದರ್," ಎಂದರು ಆಮೇಲೆ.